ಕಾಟಿನ ಪಕ್ಕದ ವಿಮೆ

ಗದಗ-ಬೆಟಗೇರಿಯಲ್ಲಿ ನನ್ನ ಸೋದರಮಾವನಷ್ಟು ಭದ್ರವಾಗಿ ಆರೋಗ್ಯವಿಮೆ ಮಾಡಿಸಿಕೊಂಡವರು ಇನ್ನೊಬ್ಬರು ಇರಲಿಕ್ಕಿಲ್ಲ. ಆ ಸಂಗತಿ ಯಾವ ವಿಮಾ ಕಂಪನಿಗೂ ಗೊತ್ತಿರಲಿಲ್ಲ, ಅಷ್ಟೇ!

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಮಾವನ ಮನೆಗೆ ಒಬ್ಬ ಏಜೆಂಟ್ ಬಂದ. ಆಸ್ಪತ್ರೆಯ ಖರ್ಚಿಗೂ ವಿಮೆ ಇಳಿಸಬಹುದೆಂಬುದು ನಮ್ಮೂರಿಗೆ ಆಗಿನ್ನೂ ಹೊಸ ಸುದ್ದಿ. ಮಾವ ರೈಲ್ವೆಯಿಂದ ನಿವೃತ್ತನಾದವನು. ಔಷಧೋಪಚಾರವೆಲ್ಲ ಆ ಕಡೆಯಿಂದಲೇ ನಡೆಯುತ್ತಿತ್ತು.

"ಅಷ್ಟಕ್ಕ ಸಾಲೂದಿಲ್ರಿ ಕಾಕಾ," ಎಂದ ಏಜೆಂಟ್. "ವಯಸ್ಸಾದವರಿಗೆ ಅದರ ಮ್ಯಾಲ ಒಂದು ಪೂರಕ ವಿಮಾ ಬೇಕು. ಅವರು ಏನು ಕೊಡೂದಿಲ್ಲೋ ಅದನ್ನ ನಾವು ತುಂಬಿ ಕೊಡ್ತೀವಿ."

"ಖರೇನ? ಅವರು ಕಾಟ್ ಕೊಡ್ತಾರ, ಗುಳಿಗಿ ಕೊಡ್ತಾರ. ಬಾಜೂಕ ಕುಂಡ್ರಾಕ ಮಂದಿ ಕೊಡೂದಿಲ್ಲ. ನೀವು ಕೊಡ್ತೀರೇನು?"

ಏಜೆಂಟ್ ಚಹಾ ಮುಗಿಸಿ ಎದ್ದ. ಮಾವ ಬಾಗಿಲತನಕ ಹೋಗಿ, "ಬ್ಯಾಸರ ಮಾಡ್ಕೋಬ್ಯಾಡ್ರಿ. ಅಂಥಾದೊಂದು ನಾ ಮೊದಲ ಮಾಡಿಸೇನಿ," ಎಂದು ಸಮಾಧಾನ ಹೇಳಿ ಕಳಿಸಿದ.

ಮಾಡಿಸಿದ್ದು ಹೇಗೆ ಅಂತೀರಾ? ಮಾವನಿಗೆ ಮಕ್ಕಳಿರಲಿಲ್ಲ. ಅತ್ತೆ ಆಸ್ಪತ್ರೆಯಲ್ಲಿ ಮಲಗಿದಾಗ ಅವಳ ಪಕ್ಕದ ಸ್ಟೂಲಿನ ಮೇಲೆ ಇವನೊಬ್ಬನೇ ಕುಳಿತಿದ್ದ. ಅವಳನ್ನು ಕಳಕೊಂಡು ಮನೆಗೆ ಬಂದವನನ್ನು ಒಂದೇ ಪ್ರಶ್ನೆ ಹಿಡಿದುಕೊಂಡಿತು: ನನಗೆ ಜಡ್ಡಾದರೆ ಆ ಸ್ಟೂಲಿನ ಮೇಲೆ ಯಾರು? ಅಂದಿನಿಂದ ಶಿರಹಟ್ಟಿಯಿರಲಿ, ಮುಂಡರಗಿಯಿರಲಿ, ಗುರುತಿನವರು ಮಲಗಿದ್ದಾರೆಂದರೆ ಸಾಕು, ರೊಟ್ಟಿಗಂಟು, ಬೀಸಣಿಕೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಎಲ್ಲಿಗೆ ಎಂದರೆ, "ಕಂತು ಕಟ್ಟಾಕ" ಎನ್ನುತ್ತಿದ್ದ.

ಒಮ್ಮೆ ಲಕ್ಷ್ಮೇಶ್ವರದ ಅರಿವೆ ಅಂಗಡಿಯವರನ್ನು ನೋಡಲು ಹೋದವನು ಮುಖ ಹುಳ್ಳಗೆ ಮಾಡಿಕೊಂಡು ಮರಳಿದ.

"ಯಾಕ ಮಾವಾ, ಜಡ್ಡು ಭಾಳ ಐತೇನು?"

"ಜಡ್ಡಿಗೇನಾಗೇತಿ? ಮಕ್ಕಳು, ಸೊಸ್ತೇರು, ಬೀಗರು. ನನಗ ನಿಂದ್ರಾಕ ಜಾಗಾ ಇಲ್ಲ."

ಪಾಪ, ಅವನಿಗೆ ಹೊಟ್ಟೆಕಿಚ್ಚಾಗಿತ್ತು.

ಇನ್ನೊಮ್ಮೆ ಮುಂಡರಗಿಯ ಆಸ್ಪತ್ರೆಯಲ್ಲಿ ಹಳೆಯ ಸಹೋದ್ಯೋಗಿಯ ಪಕ್ಕ ಕುಳಿತು, ಬೆಳಗಿನಿಂದ ಮಧ್ಯಾಹ್ನದ ತನಕ ಬೀಸಣಿಕೆ ಬೀಸುತ್ತ ತಮ್ಮ ಕಾಲದ ಸಾಹೇಬರನ್ನೆಲ್ಲ ಬೈದ. ರೋಗಿ ಮುಸುಕು ತೆಗೆದಾಗ ನೋಡುತ್ತಾನೆ, ಹಮ್ಮಿಗಿಯ ಕಲಾಯಿ ಹಾಕುವ ಮುದುಕ ಸಾಬರು! ಸಹೋದ್ಯೋಗಿ ಹಿಂದಿನ ದಿನವೇ ಗುಣವಾಗಿ ಊರಿಗೆ ಹೋಗಿದ್ದ.

"ಮತ್ತ ಮೊದಲ ಯಾಕ ಹೇಳಲಿಲ್ರಿ?" ಎಂದು ಮಾವ ಕೇಳಿದ.

"ಹೇಳಿದ್ರ ನೀವು ಎದ್ದು ಹೋಗ್ತಿದ್ರಲ್ರಿ," ಎಂದರಂತೆ ಸಾಬರು.

ಅವರು ಮನೆಗೆ ಹೋಗುವ ತನಕ ಮಾವ ದಿನಾಲೂ ಮುಂಡರಗಿಗೆ ಹೋದ.

ನಮ್ಮವ್ವನಿಗೆ ತಮ್ಮನ ಈ ಹುಚ್ಚು ಬಗೆಹರಿಯುತ್ತಿರಲಿಲ್ಲ. "ಕುಂಡ್ರೂದ ಆದ್ರ ಹರೇದವರ ಹತ್ರ ಕುಂಡ್ರು. ಮುದುಕರು ನಿನ್ನ ಋಣಾ ಯಾವಾಗ ತೀರಸ್ತಾರ?" ಎಂದು ಬೈಯುತ್ತಿದ್ದಳು.

"ಹರೇದವರ ಹತ್ರ ಕುಂಡ್ರಾಕ ಮಂದಿ ಇರತಾರಕ್ಕಾ," ಎನ್ನುತ್ತಿದ್ದ ಮಾವ.

ಏಜೆಂಟ್ ಬಂದುಹೋದ ಮರುವರ್ಷ ಮಾವನೇ ಮಲಗಿದ. ನಾನು ಕಲಿಸುತ್ತಿದ್ದ ಶಾಲೆಗೆ ರಜೆ ಹಾಕಿ ಅವನ ಪಕ್ಕ ಕುಳಿತೆ. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಕತ್ತೆತ್ತಿ ನೋಡುತ್ತಿದ್ದ. ಬಂದವರು ಬೇರೆ ಕಾಟುಗಳ ಕಡೆ ಹೋಗುತ್ತಿದ್ದರು. ಅವನು ಯಾರ್ಯಾರ ಪಕ್ಕ ಕುಳಿತಿದ್ದನೋ ಅವರೆಲ್ಲ ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಕಲಾಯಿ ಸಾಬರೂ ಇರಲಿಲ್ಲ. ಅವರ ಮಣ್ಣಿಗೆಲ್ಲ ಹೋಗಿಬಂದವನಿಗೆ ಇದು ತಿಳಿಯದ ಮಾತಾಗಿರಲಿಲ್ಲ. ನಾನು ಬೀಸಣಿಕೆ ಎತ್ತಿಕೊಂಡು ಗಾಳಿ ಹಾಕತೊಡಗಿದೆ.

ಸಂಜೆ ಅವನು ಮೆಲ್ಲಗೆ ನನ್ನ ಮೊಣಕೈ ಮುಟ್ಟಿದ.

"ಜರಾ ಸರದು ಕುಂಡ್ರು ಮಗಳ. ಮಂದಿ ಬಂದ್ರ ಜಾಗಾ ಬೇಕಲ್ಲ."

ನಾನು ಸ್ಟೂಲನ್ನು ಗೋಡೆಯ ಕಡೆಗೆ ಸರಿಸಿ, ಇನ್ನೂ ಮೂರ್ನಾಲ್ಕು ಜನ ಕೂಡುವಷ್ಟು ಜಾಗ ಬಿಟ್ಟು ಕುಳಿತೆ.