ದೋಣಿಗಲ್ಲಿಗೆ ಹೋದ ವರ್ಷದಷ್ಟೇ ಕರೆಂಟು

ನನಗೆ ಹುಟ್ಟಿನಿಂದ ಬಂದ ಜಾಡ್ಯವೊಂದಿದೆ, ಕಿಟಕಿ ಕಂಡರೆ ಕೆಲಸ ಮರೆಯುತ್ತೇನೆ. ಇಂಥವನನ್ನು ಅರವತ್ತರ ದಶಕದಲ್ಲಿ ಸಕಲೇಶಪುರದ ವಿದ್ಯುತ್ ಕಚೇರಿಗೆ ಗುಮಾಸ್ತನಾಗಿ ತಂದು, ಗುಡ್ಡದ ಕಡೆ ತೆರೆದ ಕಿಟಕಿಯ ಪಕ್ಕದಲ್ಲೇ ಕೂರಿಸಿದರು. ಮಂಜು ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡುತ್ತ ಕೂತರೆ ಊಟದ ಹೊತ್ತಾಗುತ್ತಿತ್ತು. ಯಾರಾದರೂ ಕೇಳಿದರೆ "ಲೆಕ್ಕ ಹಾಕ್ತಾ ಇದೀನಿ" ಅನ್ನುತ್ತಿದ್ದೆ.

ಒಂದು ದಿನ ನಿಜವಾಗಿಯೂ ಲೆಕ್ಕ ಬಂತು. ಬರುವ ವರ್ಷ ಗುಡ್ಡದ ಮೇಲಿನ ದೋಣಿಗಲ್ ಎಂಬ ಊರಿನ ಕಡೆಗೆ ತಿಂಗಳಿಗೆ ಎಷ್ಟು ಕರೆಂಟು ಬೇಕಾದೀತು ಎಂದು ನಾನು ಅಂದಾಜು ಮಾಡಬೇಕು. ಅದನ್ನು ನೋಡಿ ಅಲ್ಲಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಕೊಡುವುದೋ ಬೇಡವೋ ಎಂದು ಇಂಜಿನಿಯರ್ ಸಾಹೇಬರು ತೀರ್ಮಾನಿಸುವವರು. ಅಲ್ಲಿನ ಸಣ್ಣ ಬೆಳೆಗಾರ ಪುಟ್ಟೇಗೌಡರು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ತಂದು ವರ್ಷವಾಗಿತ್ತು. "ಕೊಯ್ಲಲ್ಲಿ ಕರೆಂಟು ತೇಕ್ತಾ ಬರ್ತೈತೆ ಕಣ್ರೀ. ಮಿಷನ್ ನಿಂತೋಗ್‌ಬುಡ್ತದೆ, ಹಣ್ಣು ರಾಶೀಲೇ ಕೊಳೀತದೆ," ಎಂದು ನನ್ನ ಮೇಜಿನ ಮುಂದೆ ನಿಂತರು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಹಳೆಯ ತಿಂಗಳುಗಳ ಸರಾಸರಿ ಹಿಡಿಯಬಹುದು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದು ಮುಂದಕ್ಕೆ ಚಾಚಬಹುದು. ಇಲ್ಲವೇ ಹೋದ ವರ್ಷ ಇದೇ ತಿಂಗಳು ಎಷ್ಟೋ ಈ ವರ್ಷವೂ ಅಷ್ಟೇ ಅನ್ನಬಹುದು. ಕೊನೆಯ ವರ್ಷದ ಅಂಕಿಗಳನ್ನು ಕಾಗದದಿಂದ ಮುಚ್ಚಿ, ಅದರ ಹಿಂದಿನ ವರ್ಷಗಳಿಂದ ಅವನ್ನು ಊಹಿಸಿ, ಆಮೇಲೆ ಕಾಗದ ಸರಿಸಿ ಮೂರೂ ವಿಧಾನಗಳನ್ನು ಪರೀಕ್ಷಿಸಿದೆ. ಸರಾಸರಿ, ಗೆರೆ ಎರಡೂ ದಾರಿ ತಪ್ಪಿದವು. ಕೊನೆಯದು ಮಾತ್ರ ಯೂನಿಟ್ಟಿಗೆ ಯೂನಿಟ್ ಕೂತಿತು. ಕಾಲಚಕ್ರದ ಗುಟ್ಟೇ ಕೈಗೆ ಸಿಕ್ಕಿತೆಂದು ಅರ್ಧ ದಿನ ಕಿಟಕಿಯಾಚೆ ನೋಡುತ್ತ ಹಿಗ್ಗಿದೆ. ಆ ಗುಟ್ಟಿನ ಪ್ರಕಾರ ದೋಣಿಗಲ್ಲಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕಿರಲಿಲ್ಲ. ಪಾಪ ಪುಟ್ಟೇಗೌಡರು, ಆದರೆ ಲೆಕ್ಕ ಲೆಕ್ಕವೇ ತಾನೆ?

ಸಂಜೆ ಮನೆಯಲ್ಲಿ ಹೆಂಡತಿ ನಮ್ಮ ಮೀಟರ್ ಕಾರ್ಡು ಹಿಡಿದು ನಿಂತಿದ್ದಳು. ಅವಳು ಬಾಣಂತನಕ್ಕೆಂದು ಆಲೂರಿನ ತವರಿಗೆ ಹೋಗಿ, ನಾನೂ ರಜೆ ಹಾಕಿ ಹಿಂದೆಯೇ ಹೋಗಿ, ಮನೆಗೆ ಒಂದು ತಿಂಗಳು ಬೀಗ ಬಿದ್ದಿತ್ತು. ಕಾರ್ಡಿನಲ್ಲಿ ಆ ತಿಂಗಳೂ ಯಥಾಪ್ರಕಾರ ಯೂನಿಟ್ಟುಗಳು.

"ಬೀಗ ಹಾಕಿದ ಮನೇಲಿ ದೀಪ ಯಾರ್ರೀ ಹಚ್ಚಿದ್ದು?" ಎಂದಳು.

ಮರುದಿನ ಮೀಟರ್ ಓದುವ ಬುಡೇನ್ ಸಾಬರನ್ನು ಕೇಳಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. "ಬಾಗ್ಲು ಹಾಕಿತ್ತು ಸ್ವಾಮಿ. ಹೋದ್ ವರ್ಸದ್ದೇ ಬರ್ದ್‌ಬುಟ್ಟೆ."

"ದೋಣಿಗಲ್ಲು?"

"ಅಲ್ಲಿ ಮಳೇಲಿ ಜಿಗಣೆ, ಕೊಯ್ಲಲ್ಲಿ ಆನೆ, ಬೇಸ್ಗೇಲಿ ನನ್ ಮಂಡಿನೋವು. ಅದೂ ಹೋದ್ ವರ್ಸದ್ದೇ."

ನಾನು ಅಷ್ಟು ಕರಾರುವಾಕ್ಕಾಗಿ ಕಂಡುಹಿಡಿದದ್ದು ಕರೆಂಟಿನ ಸ್ವಭಾವವನ್ನಲ್ಲ, ಬುಡೇನ್ ಸಾಬರ ಸ್ವಭಾವವನ್ನು. ಹೊರಗೆ ಹೊಯ್ಯುತ್ತಿದ್ದ ಮಳೆಯಲ್ಲೇ ಅವರನ್ನು ಎಬ್ಬಿಸಿಕೊಂಡು ದೋಣಿಗಲ್ಲಿಗೆ ನಡೆದೆ. ಅಲ್ಲಿನ ಮೀಟರುಗಳು ಬುಡೇನ್ ಸಾಬರ ಪುಸ್ತಕದ ಅಂಕಿಗಳನ್ನು ಎಲ್ಲೋ ಹಿಂದೆ ಬಿಟ್ಟು ಓಡಿಹೋಗಿದ್ದವು. ಕಾಲಿಗೆ ಹತ್ತಿದ ಜಿಗಣೆಗಳಿಗೆ ಪುಟ್ಟೇಗೌಡರೇ ಉಪ್ಪು ಹಾಕಿ ಬಿಡಿಸಿ, ಬಿಸಿ ಕಾಫಿ ಕೊಟ್ಟರು. ನಾನು ಹೊಸ ಲೆಕ್ಕ ಬರೆದೆ. ಕೊಯ್ಲಿಗೆ ಮುಂಚೆ ಟ್ರಾನ್ಸ್‌ಫಾರ್ಮರ್ ಬಂತು, ಪಲ್ಪರ್ ಗುಯ್ಗುಟ್ಟಿತು. ಸಾಹೇಬರು ಮೆಚ್ಚಿ, ವರ್ಷಕ್ಕೊಮ್ಮೆ ದೋಣಿಗಲ್ಲಿನ ಮೀಟರುಗಳನ್ನು ನಾನೇ ಖುದ್ದಾಗಿ ನೋಡಿ ಬರಬೇಕೆಂದು ಆದೇಶ ಹೊರಡಿಸಿದರು.

ಮುಂದಿನ ಆಷಾಢದಲ್ಲಿ ಬುಡೇನ್ ಸಾಬರು ಛತ್ರಿ ಹಿಡಿದು ಬಾಗಿಲಲ್ಲಿ ನಿಂತರು. "ಏಳ್ರಿ ಸ್ವಾಮಿ, ದೋಣಿಗಲ್ಲಿಗೆ ಹೊತ್ತಾಯ್ತದೆ."

ನಾನು ಕಿಟಕಿಯಾಚೆ ನೋಡಿದೆ. ಗುಡ್ಡವೇ ಕಾಣದಂತೆ ಮಳೆ ಹೊಯ್ಯುತ್ತಿತ್ತು. ಕಾಲು ಆಗಲೇ ತುರಿಸತೊಡಗಿತು.

"ಬುಡೇನ್ ಸಾಬ್ರೇ," ಎಂದೆ ಮೆಲ್ಲಗೆ, "ಹೋದ ವರ್ಷ ಎಷ್ಟಿತ್ತು?"