ಕರೆಂಟು ಹೋದಾಗ ಹಾಡುವ ನಮ್ಮ ಅತ್ತೆ

ನಮ್ಮ ಅತ್ತೆಯ ಮುಂದೆ ಬಾಯಿ ತೆರೆಯುವ ಮೊದಲು ನೂರು ಸಲ ಯೋಚಿಸಿ. ಇವತ್ತು ನೀವು ಮೈಮರೆತು ಆಡಿದ ಮಾತು ನಾಳೆ ಹಾಡಾಗಿರುತ್ತದೆ. ನಾಡಿದ್ದು ಜಮಖಂಡಿಯಿಂದ ಬೀಳಗಿಯವರೆಗೆ ಜನರ ಮೊಬೈಲಿನಲ್ಲಿ ಕುಣಿಯುತ್ತಿರುತ್ತದೆ! ಅತ್ತೆ ಎಂದರೆ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಅವರ ಬಗ್ಗೆ ಹೀಗೆಲ್ಲ ಬರೆದು ನಾನು ಊಟಕ್ಕೆಲ್ಲಿಗೆ ಹೋಗಲಿ? ಈಕೆ ನನ್ನ ತಂದೆಯ ಒಡಹುಟ್ಟಿದ ತಂಗಿ. ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಹಾಡು ಕಟ್ಟುವವಳೂ ಅವಳೇ, ರಾಗ ಹಾಕುವವಳೂ ಅವಳೇ, ಹಾಡುವವಳೂ ಅವಳೇ. ಮೊದಮೊದಲು ಕೇಳುವವಳೂ ಅವಳೊಬ್ಬಳೇ ಆಗಿದ್ದಳು, ಆ ಮಾತು ಬೇರೆ.

ಎಲ್ಲ ಶುರುವಾದದ್ದು ಅವರ ಓಣಿಯ ಭಜನಾ ಮಂಡಳಿಯಲ್ಲಿ. ಒಂದು ಸೋಮವಾರ ಶಿವನ ಪದ ನಡೆದಿರುವಾಗ ಹಾರ್ಮೋನಿಯಂ ನುಡಿಸುವ ಹಿರಿಯರಿಗೆ ತೂಕಡಿಕೆ ಬಂತು. ಅತ್ತೆ ರಾಗ ಕೆಡಿಸದೆ, ತಾಳ ತಪ್ಪಿಸದೆ, ಪದದ ನಡುವೆ ತನ್ನದೊಂದು ನುಡಿ ಸೇರಿಸಿಬಿಟ್ಟಳು: “ಏಳೋ ಶಿವನೇ ಏಳೋ, ಪೇಟಿ ಮಾಸ್ತರನೂ ನಿನ್ನಂಗ ಕಣ್ಣ ಮುಚ್ಚ್ಯಾನ!”

ಹೆಂಗಸರು ನಕ್ಕು ನಕ್ಕು ತಾಳ ಕೆಳಗಿಟ್ಟರು. ಶಿವ ಎದ್ದನೋ ಇಲ್ಲವೋ, ಮಾಸ್ತರರಂತೂ ಎದ್ದರು. ಮಂಡಳಿಯ ಯಜಮಾನರು ಕೆಂಡವಾದರು.

“ಯವ್ವಾ, ಇದು ಭಜನಿ. ನಾಟಕ ಅಲ್ಲ. ನಾಳಿಂದ ನೀ ನಿಮ್ಮ ಮನ್ಯಾಗ ಹಾಡ್ಕೊ.”

“ಆತ್ರಿ,” ಅಂದಳು ಅತ್ತೆ. “ನಮ್ಮ ಮನ್ಯಾಗ ತೂಕಡಸವ್ರರೆ ಇಲ್ಲ.”

ಹೀಗೆ ಹೊರದಬ್ಬಿಸಿಕೊಂಡ ದಿನವೇ ಅವಳು ಸ್ವತಂತ್ರ ಗಾಯಕಿಯಾದಳು!

ಅವಳ ಹಾಡಿಗೆ ಬಲಿಯಾದವರಲ್ಲಿ ನಾನೂ ಒಬ್ಬ. ನನಗೆ ಕನ್ಯಾ ನೋಡಲು ತೇರದಾಳಕ್ಕೆ ಹೋಗಿದ್ದೆವು. ಹುಡುಗಿಯ ಅಜ್ಜ ಸಂಗೀತಪ್ರಿಯರು. “ನಿಮ್ಮ ಕಡಿಯವ್ರು ಯಾರರೆ ಒಂದ ಹಾಡ ಅನ್ರೆಲಾ,” ಎಂದರು. ಯಾರಿಗೆ ಹೇಳಬಾರದಿತ್ತೋ ಅವಳ ಕಡೆಗೇ ನೋಡಿ ಹೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಎತ್ತಿದಳು:

“ಹುಡುಗ ಬಂದಾನ ಹುಡುಗೀನ ನೋಡಾಕ, ಕಣ್ಣ ಇಟ್ಟಾನ ಉಪ್ಪಿಟ್ಟಿನ ತಾಟಿನ್ಯಾಗ!”

ನನ್ನ ಕೈಯಲ್ಲಿ ಆಗ ನಿಜವಾಗಿಯೂ ಉಪ್ಪಿಟ್ಟಿನ ತಾಟಿತ್ತು. ಇಳಿಸುವಂತಿಲ್ಲ, ತಿನ್ನುವಂತಿಲ್ಲ! ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಕಿಲಕಿಲನೆ ನಗು ಕೇಳಿಸಿತು. ಆ ನಗು ಈಗ ಜಮಖಂಡಿಯ ನಮ್ಮ ಮನೆಯಲ್ಲೇ ಇದೆ. ಉಪ್ಪಿಟ್ಟು ಮಾಡಿದ ದಿನ ಸ್ವಲ್ಪ ಜೋರಾಗುತ್ತದೆ, ಅಷ್ಟೇ.

ಅತ್ತೆಯ ಮಗಳು ಮದುವೆಯಾಗಿ ಹೋಗುವಾಗ ತನ್ನ ಹಳೆಯ ಮೊಬೈಲನ್ನು ತಾಯಿಗೆ ಕೊಟ್ಟು, ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದನ್ನು ಕಲಿಸಿ ಹೋದಳು. ಆದರೆ ಬನಹಟ್ಟಿಯಲ್ಲಿ ರೆಕಾರ್ಡಿಂಗ್ ಎಂದರೆ ಹುಡುಗಾಟವೇ? ಎದುರಿಗೆ ಪವರ್‌ಲೂಮು, ಪಕ್ಕದಲ್ಲಿ ಪವರ್‌ಲೂಮು, ಸ್ವಂತ ಮನೆಯ ಹಿಂದೆಯೂ ಪವರ್‌ಲೂಮು. ಖಟ್ ಪಟ್ ಖಟ್ ಪಟ್! ಊರಿಗೆ ಊರೇ ಒಂದು ಡೊಳ್ಳಿನಂತೆ ಬಡಿದುಕೊಳ್ಳುತ್ತಿರುತ್ತದೆ. ಮಗ್ಗಗಳು ಬಾಯಿ ಮುಚ್ಚುವುದು ಕರೆಂಟು ಹೋದಾಗ ಮಾತ್ರ. ಹಾಗಾಗಿ ಕರೆಂಟು ಹೋದೊಡನೆ ಓಣಿಯವರೆಲ್ಲ ಬೈಯುತ್ತ ಹೊರಗೆ ಬಂದರೆ, ನಮ್ಮ ಅತ್ತೆ ಹಿಗ್ಗುತ್ತ ಒಳಗೆ ಓಡುತ್ತಾಳೆ. ಹೊರಗಿನ ಸದ್ದು ಬರಬಾರದೆಂದು ತಲೆಯ ಮೇಲೆ ದಪ್ಪನೆಯ ಕೌದಿ ಹೊದ್ದುಕೊಂಡು, ಮೊಬೈಲು ಹಿಡಿದು, ಬೆವರು ಸುರಿಸುತ್ತ ಹಾಡುತ್ತಾಳೆ. ಒಮ್ಮೆ ಇದು ಗೊತ್ತಿಲ್ಲದ ನೆಂಟರೊಬ್ಬರು ಬಂದು, ಹಾಡುತ್ತಿರುವ ಕೌದಿಯನ್ನು ಕಂಡು, ಚಪ್ಪಲಿ ಬಿಟ್ಟು ಓಡಿದ್ದರು!

ಇನ್ನೊಂದು ಸಲ ಹಾಡಿನ ನಡುವೆ ಕುಕ್ಕರ್ ಸೀಟಿ ಹೊಡೆಯಿತು. ಅತ್ತೆ ಆ ಸದ್ದನ್ನು ತೆಗೆಯದೆ ಹಾಗೇ ಯೂಟ್ಯೂಬಿಗೆ ಬಿಟ್ಟಳು. ಕೇಳಿದವರೊಬ್ಬರು ಹಾಡಿನ ಕೆಳಗೆ ಬರೆದರು: “ನಡುವೆ ಬರುವ ಆ ವಾದ್ಯ ಬಹಳ ಸೊಗಸಾಗಿದೆ. ಯಾವುದದು?”

ಅತ್ತೆ ಉತ್ತರ ಕೊಟ್ಟಳು: “ತೊಗರಿಬ್ಯಾಳಿ.”

ಅವಳಿಗೆ ಹೆಸರು ತಂದದ್ದು ಬಸ್ಸಿನ ಹಾಡು. ಕೈಯೆತ್ತಿದರೂ ನಿಲ್ಲಿಸದೆ ಹೋದ ಬಸ್ಸಿನ ಹಿಂದೆ ನಿಂತು, ದೂಳು ಕುಡಿಯುತ್ತ ಕಟ್ಟಿದ್ದು.

“ನಿಂದ್ರೋ ಬಸ್ಸಪ್ಪಾ ನಿಂದ್ರೋ, ತವರಿಗಿ ಹೊಂಟೇನಿ ನಿಂದ್ರೋ,
ಬುಟ್ಟ್ಯಾಗ ರೊಟ್ಟಿ ಬಿಸಿ ಅದಾವ, ಆರೂದ್ರೊಳಗ ನಿಂದ್ರೋ!”

ರೊಟ್ಟಿ ಬಡಿಯುವ ಹೆಂಗಸರು ಹಾಡಿದರು, ಕಬ್ಬಿನ ಟ್ರ್ಯಾಕ್ಟರಿನವರು ಹಾಕಿಕೊಂಡರು, ಸಾಲಿ ಹುಡುಗಿಯರು ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಕುಣಿದರು. ಆಗ ಬಂದ ನೋಡಿ, ಕಪ್ಪು ಕನ್ನಡಕದ ಕಂಪನಿಯವನು! ಸ್ವಂತ ಆರ್ಕೆಸ್ಟ್ರಾ, ಸ್ವಂತ ಕ್ಯಾಮೆರಾ ಇಟ್ಟುಕೊಂಡವನು. ಅವತ್ತು ನಾನೂ ಅಲ್ಲಿದ್ದೆ. ಅತ್ತೆ ಅವನಿಗೆ ರೊಟ್ಟಿ, ಎಣಗಾಯಿ ಬಡಿಸಿದಳು. ಅವನು ಉಂಡು ಕೈತೊಳೆದು ವಿಷಯಕ್ಕೆ ಬಂದ.

“ಅಕ್ಕಾರ, ಹಾಡ ನಮ್ಮ ಕಂಪನಿಗಿ ಕೊಡ್ರಿ. ಮಾತು ಒಂದೀಟು ಬದಲ ಮಾಡೂನು. ವಿಡಿಯೋದಾಗ ಬ್ಯಾರೆ ಹುಡಗಿ ಇರ್ತಾಳ. ನಿಮ್ಮ ದನಿ ಅಷ್ಟ ಸಾಕ್ರಿ, ಮಾರಿ ಬ್ಯಾಡ.”

“ದನಿ ಬಂದಲ್ಲಿ ಮಾರೀನೂ ಬರತೈತ್ರಿ ಯಪ್ಪಾ. ಎರಡೂ ಒಂದ ಕುತ್ತಿಗಿಗಿ ಅಂಟಿದಾವು.”

ಅವನು ಮೂಲೆಯಲ್ಲಿದ್ದ ಕೌದಿಯ ಕಡೆ ಕೈ ಮಾಡಿದ. “ಹಿಂಗಂದ್ರ ನೀವು ಇದ ಕೌದ್ಯಾಗ ಉಳೀತೀರಿ ನೋಡ್ರಿ!”

“ಉಳೀತೇನಿ. ಕೌದಿ ನಾನ ಹೊಲದದ್ದೈತಿ.”

ಅವನು ಕನ್ನಡಕ ಏರಿಸಿಕೊಂಡು ಹೋದ. ನಾವು ಗೆದ್ದೆವೆಂದುಕೊಂಡೆವು. ಎಲ್ಲಿಯ ಗೆಲುವು! ಸ್ವಲ್ಪ ದಿನಗಳಲ್ಲೇ ಮುಧೋಳದಲ್ಲಿ ಒಂದು ರಸಮಂಜರಿಯ ಬ್ಯಾನರು ಕಟ್ಟಿದ್ದರು. ಅದರ ಮೇಲೆ ಆ ಕಂಪನಿಯವನ ದೊಡ್ಡ ಮುಖ, ಮುಖದ ಕೆಳಗೆ ‘ಬಸ್ಸಿನ ಹಾಡಿನ ಸಾಹಿತ್ಯ, ಸಂಗೀತ’ ಎಂದು ಅವನದೇ ಹೆಸರು! ಬ್ಯಾನರಿನ ಫೋಟೋ ತೋರಿಸಿದಾಗ ಅತ್ತೆ ಬೈಯಲಿಲ್ಲ. ಹಾಡೂ ಕಟ್ಟಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ನೋಡುತ್ತ ಕುಳಿತಳು. ಅವಳು ಸುಮ್ಮನಾದದ್ದನ್ನು ನಾನು ಅದೇ ಮೊದಲು ಕಂಡದ್ದು. ಹೆದರಿಕೆಯಾಯಿತು.

“ಹೋಗಿ ಕೇಳೂನು,” ಅಂದಳು ಕೊನೆಗೆ. “ನನ್ನ ಕೂಸು ಯಾರ ಸೊಂಟದ ಮ್ಯಾಲಿದ್ರೂ ಒಮ್ಮಿ ನೋಡಿ ಬರತೇನಿ.”

ಸುದ್ದಿ ತಿಳಿದು ಓಣಿಯ ಹೆಂಗಸರೆಲ್ಲ ಟಂಟಂ ಆಟೋ ಮಾಡಿಕೊಂಡು ಬಂದರು. ಅವಳ ಗಂಡ, ಅಂದರೆ ನಮ್ಮ ಮಾಮಾ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆ ಕುಳಿತರು. ಮುಧೋಳದ ಮೈದಾನ ಸಂಜೆಗೇ ತುಂಬಿತ್ತು. ಮಿನುಗುವ ಲಂಗದ ಹುಡುಗಿಯೊಬ್ಬಳು ಬಂದು ಶುರುಮಾಡಿದಳು:

“ನಿಲ್ಲೋ ಹೀರೋ ನಿಲ್ಲೋ, ಡಿಸ್ಕೋಗೆ ಹೊಂಟೀನಿ ನಿಲ್ಲೋ, ಪರ್ಸಿನಾಗ ಲಿಪ್‌ಸ್ಟಿಕ್ ಐತಿ, ಆರೂದ್ರೊಳಗ ನಿಲ್ಲೋ!”

ಪರ್ಸಿನಲ್ಲಿರುವ ಲಿಪ್‌ಸ್ಟಿಕ್ ಆರುವುದು ಹೇಗೆ? ನಾನಿನ್ನೂ ಯೋಚಿಸುತ್ತಿದ್ದೇನೆ!

ಆದರೆ ಮೈದಾನ ಯೋಚಿಸಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಮುದುಕಿ, ನಮ್ಮವಳಲ್ಲ, ಯಾವ ಊರಿನವಳೋ, ಗಟ್ಟಿಯಾಗಿ ತಿದ್ದಿದಳು: “ಹೀರೋ ಅಲ್ಲಬೇ, ಬಸ್ಸಪ್ಪಾ!” ಜನ ಗೊಳ್ಳೆಂದರು. ಮರುಸಾಲಿಗೆ ನಮ್ಮ ಓಣಿಯ ಹೆಂಗಸರು ದನಿಗೂಡಿಸಿದರು. ಆಮೇಲೆ ಗಂಡಸರು, ಆಮೇಲೆ ಮಿರ್ಚಿ ಭಜಿ ಕರಿಯುತ್ತಿದ್ದವನು ಎಣ್ಣೆ ಸೋರುವ ಜಾರಿ ಸೌಟು ಎತ್ತಿ ಹಿಡಿದುಕೊಂಡೇ ಹಾಡಿದ. ಇಡೀ ಮೈದಾನ ‘ನಿಂದ್ರೋ ಬಸ್ಸಪ್ಪಾ’ ಎನ್ನುತ್ತಿತ್ತು. ಆರ್ಕೆಸ್ಟ್ರಾದವರು ಯಾವುದನ್ನು ನುಡಿಸಬೇಕೆಂದು ತಿಳಿಯದೆ ಕೈ ಕಟ್ಟಿದರು.

ವೇದಿಕೆಯ ಹುಡುಗಿ ಬೆಪ್ಪಾಗಿ ನಿಂತಿದ್ದಳು. ಹೆಂಗಸರು ಅತ್ತೆಯ ಕಡೆ ಬೆರಳು ಮಾಡಿ ಕೂಗಿದರು. ಆ ಹುಡುಗಿಯ ದೊಡ್ಡ ಗುಣ ನೋಡಿ, ತಾನೇ ಕೆಳಗಿಳಿದು ಬಂದು ಮೈಕು ಚಾಚಿದಳು.

“ಅಕ್ಕಾರ, ಇದು ನಿಮ್ಮದಂತ ನನಗ ಯಾರೂ ಹೇಳಿರಲಿಲ್ರಿ. ಬರ್ರಿ, ನೀವ ಹಾಡ್ರಿ.”

ಅತ್ತೆ ವೇದಿಕೆ ಹತ್ತಿದಳು. ಕೌದಿಯಿಲ್ಲದೆ ಅಷ್ಟು ಜನರ ಮುಂದೆ ಅವಳು ನಿಂತದ್ದು ಅದೇ ಮೊದಲು. ಹುಡುಗಿಯ ಕೈ ಬಿಡದೆ, ಅವಳನ್ನೂ ಜೊತೆಗೆ ನಿಲ್ಲಿಸಿಕೊಂಡು ಹಾಡಿದಳು. ಕೊನೆಗೆ ಮೈದಾನದ ತುಂಬ ಶಿಳ್ಳೆ! ಕಪ್ಪು ಕನ್ನಡಕದವನನ್ನು ಹುಡುಕಿದೆವು. ಬ್ಯಾನರಿನಲ್ಲಿ ಮಾತ್ರ ಇದ್ದ. ಯಾರೋ ಅವನ ಹೆಸರಿನ ಮೇಲೆ ಸುಣ್ಣ ಬಳಿದು ‘ಬನಹಟ್ಟಿ ಅಕ್ಕ’ ಎಂದು ಬರೆದಿದ್ದರು.

ವಾರ ಕಳೆದು ನಾನು ಬನಹಟ್ಟಿಗೆ ಹೋದೆ. ರಬಕವಿಯಿಂದ, ರನ್ನ ಬೆಳಗಲಿಯಿಂದ ಬಂದವರು ಹಾರ ಹಾಕಿ, ಚಹಾ ಕುಡಿದು, ಆಗಷ್ಟೇ ಎದ್ದು ಹೋಗಿದ್ದರು. ಲೋಟ ಎತ್ತಿಡಲು ಹಿತ್ತಲಿಗೆ ಹೋದವನು ಬಾಗಿಲಲ್ಲೇ ನಿಂತೆ.

ನಮ್ಮ ಮಾಮಾನಿಗೆ ಕಿವಿ ಕೇಳುವುದಿಲ್ಲ. ಮಗ್ಗಗಳ ನಡುವೆ ಆಯುಷ್ಯ ಸವೆಸಿದವರು; ಆ ಸದ್ದು ಅವರ ಕಿವಿಯನ್ನು ಸ್ವಲ್ಪಸ್ವಲ್ಪವೇ ಒಯ್ದಿತ್ತು. ಹೆಂಡತಿಯ ಒಂದು ಹಾಡನ್ನೂ ಅವರು ಕೇಳಿಲ್ಲವೆಂದೇ ನಾನು ತಿಳಿದಿದ್ದೆ. ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಕುಳಿತಿದ್ದರು. ಅತ್ತೆ ಅವರ ಒರಟು ಅಂಗೈಯನ್ನು ತನ್ನ ಗಂಟಲಿನ ಮೇಲೆ ಒತ್ತಿ ಹಿಡಿದು, ಸಣ್ಣ ದನಿಯಲ್ಲಿ ಏನೋ ಹಾಡುತ್ತಿದ್ದಳು. ಮಾಮಾ ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಏರಿತು.

“ಇದು ಹೊಸಾದು,” ಅಂದರು. “ಹೌದಲ್ಲ?”