ಲಂಗಕ್ಕೊಂದು ಜೇಬು

ಮೊದಲೇ ಹೇಳಿಬಿಡುತ್ತೇನೆ, ನನಗೆ ಲಂಗದ ಮೇಲೆ ದ್ವೇಷವಿಲ್ಲ. ದ್ವೇಷ ಇರುವುದು ಅದರ ಲಾಡಿಯ ಮೇಲೆ. ಬಸ್ಸಿಗೆ ಹೊತ್ತಾದ ದಿನವೇ ನೋಡಿಕೊಂಡು ಅದರ ಒಂದು ತುದಿ ಸೊಂಟದ ಮಡಿಕೆಯೊಳಗೆ ನುಸುಳಿ ಕೂತುಬಿಡುತ್ತದೆ. ಆಮೇಲೆ ಪಿನ್ನು ಹುಡುಕಿ, ಲಾಡಿಗೆ ಸಿಕ್ಕಿಸಿ, ಇಂಚಿಂಚೇ ತಳ್ಳುತ್ತಾ ಕೂರಬೇಕು. ಅರ್ಧ ದಾರಿಗೆ ಬಂದಾಗ ಪಿನ್ನು ಬಾಯಿ ಬಿಡುತ್ತದೆ. ಈ ಕೆಲಸದಲ್ಲಿ ನನ್ನ ಆಯುಸ್ಸಿನ ಎಷ್ಟು ಭಾಗ ಕಳೆದಿದೆಯೋ ಶಿವನೇ ಬಲ್ಲ!

ನಮ್ಮ ಅತ್ತೆ ಗೌರಮ್ಮನವರ ಲಂಗದ ಕಥೆಯೇ ಬೇರೆ. ಅವರು ಅಂಗಡಿ ಲಂಗ ಮುಟ್ಟುವವರಲ್ಲ. ಬಸವಾಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ದಪ್ಪ ಕಾಟನ್ ಬಟ್ಟೆಯಲ್ಲಿ ತಾವೇ ಹೊಲಿದುಕೊಳ್ಳುತ್ತಾರೆ. ಅದರ ಬಲಭಾಗಕ್ಕೆ ಒಂದು ಜೇಬು, ಜೇಬಿನ ಬಾಯಿಗೆ ಒಂದು ಪಿನ್ನು. ಬಸ್ ಟಿಕೆಟ್ಟಿನ ದುಡ್ಡು, ಆಧಾರ್ ಕಾರ್ಡು, ತಲೆನೋವಿನ ಮಾತ್ರೆ ಎಲ್ಲಾ ಅದರೊಳಗೆ. ಏನಾದರೂ ತೆಗೆಯಬೇಕಾದಾಗ ಒಮ್ಮೆ ಕೆಮ್ಮಿ ಬಾಗಿಲ ಮರೆಗೆ ಹೋಗುತ್ತಾರೆ. ನಮ್ಮ ಮನೆಯ ಗಂಡಸರು ಆ ಕೆಮ್ಮು ಕೇಳಿದರೆ ತಾವಾಗಿಯೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

ಆ ಜೇಬಿನಲ್ಲಿ ಇನ್ನೊಂದು ವಸ್ತುವಿದೆ. ಬೀರುವಿನ ಕೀ. ಹತ್ತೊಂಬತ್ತು ವರ್ಷದಿಂದ ನಾನು ಈ ಮನೆಯ ಹಿರಿಸೊಸೆ. ಆದರೂ ನನ್ನದೇ ರೇಷ್ಮೆ ಸೀರೆ ಬೇಕೆಂದರೆ ಆ ಕೆಮ್ಮಿಗಾಗಿ ಕಾಯಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೋದ ವರ್ಷ ಮೈದುನ ಕಿರಣನ ಮದುವೆ ಗೊತ್ತಾಯಿತು. ಹುಡುಗಿ ಬಿಳಿಚೋಡಿನವಳು, ಮದುವೆ ಜಗಳೂರಿನ ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಸಂಜೆ ಅತ್ತೆ ತಾಳಿಗೆ ಪೂಜೆ ಮಾಡಿ ನನ್ನನ್ನು ಕರೆದರು.

"ನೋಡು ಸುಮಿತ್ರಾ, ದೊಡ್ ಸೊಸೆ ನೀನು. ತಾಳಿ ಜೋಪಾನ ಮಾಡೋದು ನಿಂದು. ಮದುವಿ ಮಾಡ್ಸೋ ಅಯ್ನೋರು ಕೇಳಿದಾಗ ತೆಗೆದು ಕೊಡ್ಬೇಕು. ಅದೊಂದು ಸರಿ ಹೋತು ಅಂದ್ರೆ ನಾಳಿಂದ ಬೀರು ಕೀನೂ ನಿಂದೇ."

ನನ್ನ ಕಿವಿಗೆ ಮಂಗಳವಾದ್ಯ ಕೇಳಿಸಿತು. "ಆಯ್ತು ಅತ್ತಿ, ನನ್ ವ್ಯಾನಿಟಿ ಬ್ಯಾಗಿನಾಗೆ ಇಟ್ಕೊಂತೀನಿ" ಎಂದೆ.

"ಬ್ಯಾಗಾ? ಎಲ್ಲಾರಾ ಇಟ್ಟು ಮರ್ತು ಎದ್ ಬರ್ತೀಯ. ತಗಾ, ನಿಂಗೂ ಒಂದು ಜೇಬಿನ ಲಂಗ ಹೊಲ್ದೀನಿ. ಇದ್ರಾಗೆ ಇಡು. ಬ್ಯಾಗ್ ಮರ್ತಾರು, ಲಂಗ ಮರ್ತು ಯಾರಾರಾ ಊರಿಗೆ ಹೋಗ್ತಾರೇನೆ?"

ನ್ಯಾಯವಾದ ಮಾತು. ಅವರ ಎದುರೇ ತಾಳಿಯನ್ನು ಆ ಹಳದಿ ಲಂಗದ ಜೇಬಿಗೆ ಹಾಕಿ, ಪಿನ್ನು ಚುಚ್ಚಿ, ಕೋಣೆಯ ಗೂಟಕ್ಕೆ ನೇತುಹಾಕಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಬೀರುವಿನ ಒಡತಿ. ಆದರೆ ನ್ಯಾಮತಿಯ ನನ್ನ ತಂಗಿ ಸುಮ್ಮನಿರಬೇಕಲ್ಲ! ಅವಳು ಮೊಬೈಲಿನಲ್ಲಿ ಆರ್ಡರ್ ಮಾಡಿ ಸೀರೆಯೊಳಗೆ ಲಂಗದ ಬದಲು ಹಾಕಿಕೊಳ್ಳುವ ಶೇಪ್‌ವೇರ್ ಎಂಬ ಬಿಗಿ ಉಡುಪನ್ನು ನನಗೆ ಕಳಿಸಿದ್ದಳು. "ಅಕ್ಕಾ, ಲಾಡಿ ಇಲ್ಲ, ಗಂಟಿಲ್ಲ. ಫೋಟೋದಾಗೆ ಹತ್ತು ಕೇಜಿ ಕಮ್ಮಿ ಕಾಣ್ತೀಯ" ಎಂದು ಆಸೆ ಹುಟ್ಟಿಸಿದ್ದಳು. ಲಾಡಿ ಇಲ್ಲ ಎಂಬ ಒಂದೇ ಮಾತಿಗೆ ನಾನು ಸೋತೆ.

ಮದುವೆಯ ದಿನ ಬೆಳಗ್ಗೆ ಅದರೊಳಗೆ ಇಳಿಯಲು ಶುರು ಮಾಡಿದೆ. ಮೊಣಕಾಲಿನವರೆಗೆ ಸಲೀಸು. ಅಲ್ಲಿಂದ ಮೇಲೆ ಯುದ್ಧ! ದಿಂಬಿಗೆ ಎರಡು ಸೈಜು ಚಿಕ್ಕ ಕವರು ಏರಿಸಿದ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ಒಳಗೆ ಸೇರಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಕೇಳಿದರು.

"ಏನೇ ಇದು, ಹಾವಿನ ಪೊರೆನಾ? ಹಾಕ್ಕೊಂಡಿದ್ದೇನೋ ಹಾಕ್ಕೊಂಡಿ, ಬಿಚ್ಚಾಕೆ ಬರ್ತೈತಾ?"

"ನಿಮಗೇನ್ ಗೊತ್ತಾಗ್ತೈತ್ರೀ ಫ್ಯಾಷನ್ನು? ಹೋಗಿ ಬಸ್ಸು ನೋಡ್ರಿ" ಎಂದು ಅವರನ್ನು ಓಡಿಸಿದೆ.

ಕನ್ನಡಿಯಲ್ಲಿ ನಾನು ನಿಜಕ್ಕೂ ಸಪೂರ ಕಂಡೆ. ಆ ಸಂತೋಷದಲ್ಲೇ ದಿಬ್ಬಣದ ಬಸ್ಸಿನ ಬಳಿ ಹೋದೆ. ಮೊದಲ ಮೆಟ್ಟಿಲಿಗೆ ಕಾಲು ಎತ್ತಿದರೆ ಕಾಲು ಒಂದು ಗೇಣಿಗಿಂತ ಮೇಲೆ ಏಳಲೊಲ್ಲದು! ಕೊನೆಗೆ ಹಿಂದಿನಿಂದ ಇಬ್ಬರು ನಾದಿನಿಯರು ತಳ್ಳಿ, ಮುಂದಿನಿಂದ ಯಜಮಾನರು ಎಳೆದು ನನ್ನನ್ನು ಬಸ್ಸಿಗೆ ಹತ್ತಿಸಿದರು. ಮನೆಯ ಬಾಗಿಲು ಹಾಕಿ ಬಂದು ಕೆಳಗೆ ನಿಂತಿದ್ದ ಅತ್ತೆ ಎಲೆ ಅಡಿಕೆ ಅಗಿಯುತ್ತಾ ಎಲ್ಲವನ್ನೂ ನೋಡಿದರು. ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು.

ಬಿಳಿಚೋಡಿನ ಹತ್ತಿರ ಚಹಾಕ್ಕೆ ಬಸ್ಸು ನಿಂತಿತು. ಕುಡಿಯುವ ಧೈರ್ಯ ನನಗಿರಲಿಲ್ಲ. ಕುಡಿದದ್ದು ಹೊರಗೆ ಹೋಗಬೇಕಾದಾಗ ಇದನ್ನು ಬಿಚ್ಚುವವರು ಯಾರು? ಸುಮ್ಮನೆ ಕೂತವಳು, ತಾಳಿ ಇದೆಯಾ ನೋಡೋಣವೆಂದು ಸೊಂಟದ ಬಲಕ್ಕೆ ಕೈ ಹಾಕಿದೆ. ಅಲ್ಲಿ ಜೇಬಿರಲಿಲ್ಲ. ಇರುವುದಾದರೂ ಹೇಗೆ? ಜೇಬು ಬಸವಾಪಟ್ಟಣದ ಗೂಟದಲ್ಲಿ ನೇತಾಡುತ್ತಿತ್ತು!

ಲಂಗ ಮರೆತು ಊರಿಗೆ ಹೊರಟ ಮೊದಲ ಹೆಂಗಸು ನಾನೇ! ಅತ್ತೆಗೆ ಹೇಳಿದರೆ ಕೀ ಹೋಯಿತು, ಮಾನವೂ ಹೋಯಿತು. ಯಜಮಾನರಿಗೆ ಹೇಳಿದರೆ ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಾರೆ. ಪುಣ್ಯಕ್ಕೆ ನಮ್ಮ ಪಕ್ಕದ ಮನೆಯ ಗಂಗಕ್ಕ ಮತ್ತು ಅವಳ ಗಂಡ ರುದ್ರಪ್ಪಣ್ಣ ಬೈಕಿನಲ್ಲಿ ಹಿಂದಿನಿಂದ ಬರುವವರಿದ್ದರು. ನಮ್ಮ ಮನೆಯ ಬೀಗದ ಕೈಯೂ ಅವರ ಹತ್ತಿರವೇ ಇತ್ತು. ಪಿಸುದನಿಯಲ್ಲಿ ಫೋನು ಮಾಡಿದೆ.

"ಗಂಗಕ್ಕಾ, ಕೋಣೆ ಗೂಟದಾಗೆ ಒಂದು ಹಳದಿ ಲಂಗ ಐತೆ. ಹೆಂಗಾರಾ ಮಾಡಿ ತಗಂಬಾ."

"ಲಂಗನಾ? ಜಗಳೂರಾಗೆ ಲಂಗ ಸಿಗಲ್ವೇನೆ?"

"ಅದೇ ಬೇಕು ಗಂಗಕ್ಕಾ!"

"ಅಯ್ಯೋ ಶಿವನೇ, ಉಟ್ಕಂಡ್ ಹೋಗಿದ್ದು ಏನಾತೆ?"

ತಾಳಿಯ ಸುದ್ದಿ ಎತ್ತಿದ್ದರೆ ಅದು ನನಗಿಂತ ಮೊದಲೇ ಜಗಳೂರು ಮುಟ್ಟುತ್ತಿತ್ತು. ಹಾಗಾಗಿ "ಬಂದ್ಮೇಲೆ ಹೇಳ್ತೀನಿ" ಎಂದು ಫೋನು ಇಟ್ಟೆ.

ಮಂಟಪದಲ್ಲಿ ಹನ್ನೊಂದೂವರೆಗೆ ಮುಹೂರ್ತ. ಹನ್ನೊಂದಕ್ಕೂ ಗಂಗಕ್ಕನ ಸುಳಿವಿಲ್ಲ. ನಾನು ಬಾಗಿಲಿಗೂ ವೇದಿಕೆಗೂ ಗೇಣು ಗೇಣು ಹೆಜ್ಜೆ ಇಡುತ್ತಾ ತಿರುಗುತ್ತಿದ್ದೆ. ಹೆಣ್ಣಿನ ಕಡೆಯವರೊಬ್ಬರು "ಪಾಪ, ಮಂಡಿ ನೋವೇನ್ರೀ?" ಎಂದು ಕುರ್ಚಿ ತಂದುಕೊಟ್ಟರು. ಕೂತರೆ ಮತ್ತೆ ಏಳಲಾಗದ ಸ್ಥಿತಿ ನನ್ನದು ಎಂದು ಅವರಿಗೆ ಹೇಗೆ ಹೇಳಲಿ?

ಕೊನೆಗೂ ಅವರು ಬಂದರು. ಗಂಗಕ್ಕ ಸೀರೆ ಸರಿ ಮಾಡಿಕೊಳ್ಳಲು ಹೆಂಗಸರ ಕೋಣೆಗೆ ಹೋಗುತ್ತಾ, ಲಂಗವಿದ್ದ ಕವರನ್ನು ಗಂಡನ ಕೈಗೆ ಕೊಟ್ಟು "ಸುಮಿತ್ರಂಗೆ ಕೊಡ್ರಿ" ಎಂದಳಂತೆ. ರುದ್ರಪ್ಪಣ್ಣ ಮಹಾ ಸಂಕೋಚದ ಮನುಷ್ಯ. ಪರಹೆಂಗಸಿನ ಕೈಗೆ ಲಂಗ ಕೊಡುವುದುಂಟೆ? ಅವರು ಅದನ್ನು ಮರ್ಯಾದೆಯಿಂದ ಒಯ್ದು ಬಾಗಿಲ ಬಳಿಯ ಮೇಜಿನ ಮೇಲಿಟ್ಟು, "ಸುಮಿತ್ರಮ್ಮೋರಿಗೆ ಮುಟ್ಟಿಸ್ರಿ" ಎಂದು ನೇರ ಊಟದ ಹಾಲಿಗೆ ನಡೆದರು.

ಆ ಮೇಜು ಮುಯ್ಯಿ ಬರೆಯುವ ಮೇಜು! ದೂರದ ಊರಿನವರು ಬೇಗ ಹೊರಡಬೇಕೆಂದು ಮುಹೂರ್ತಕ್ಕೆ ಮೊದಲೇ ಮುಯ್ಯಿ ಓದುವುದನ್ನು ಶುರು ಮಾಡಿದ್ದರು. ಮೈಕು ಹಿಡಿದವರು ಹೆಣ್ಣಿನ ಕಡೆಯ ಒಬ್ಬ ನಿವೃತ್ತ ಮೇಷ್ಟರು. ಕೊಟ್ಟವರ ಹೆಸರು, ಕೊಟ್ಟ ವಸ್ತು, ಎರಡನ್ನೂ ಬಿಡದೆ ಓದುವ ಶಿಸ್ತಿನ ಮನುಷ್ಯ. ಕವರು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಟಲು ಸರಿ ಮಾಡಿಕೊಂಡರು.

"ಬಸವಾಪಟ್ಟಣದ ಶ್ರೀಯುತ ರುದ್ರಪ್ಪನವರಿಂದ, ವರನ ಅತ್ತಿಗೆ ಶ್ರೀಮತಿ ಸುಮಿತ್ರಮ್ಮನವರಿಗೆ, ಪ್ರೀತಿಪೂರ್ವಕವಾಗಿ... ಒಂದು ಹಳದಿ ಲಂಗ!"

ವಾದ್ಯದವರು ನಿಲ್ಲಿಸಿದರು. ಊಟದ ಹಾಲಿನಲ್ಲಿ ರುದ್ರಪ್ಪಣ್ಣನಿಗೆ ಕೋಸಂಬರಿ ನೆತ್ತಿಗೇರಿತು. ಹೆಂಗಸರ ಕೋಣೆಯಿಂದ ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. ಯಜಮಾನರು ನನ್ನನ್ನು ನೋಡಿದರು, ಲಂಗವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಏನೇ ಇದು?" ಎಂದರು.

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ವೇದಿಕೆಯಿಂದ ಅಯ್ನೋರು "ತಾಳಿ ತರ್ರವ್ವ" ಎಂದು ಕೂಗುತ್ತಿದ್ದರು. ನಾನು ಓಡಿದೆ. ಓಡುವುದೆಂದರೇನು, ಜಿಗಿದೆ! ಗೋಣಿಚೀಲದ ಓಟದಲ್ಲಿ ಮಕ್ಕಳು ಜಿಗಿಯುತ್ತಾರಲ್ಲ, ಹಾಗೆ. ನಡುದಾರಿಯಲ್ಲಿ ಸೀರೆಯೊಳಗೆ ಪರ್ರ್ ಎಂದು ಒಂದು ಸದ್ದಾಯಿತು. ಹಾವಿನ ಪೊರೆ ಕಳಚಿತು. ಅಂತೂ ಕಾಲು ಬಂತು! ಮೇಷ್ಟರ ಕೈಯಿಂದ ಲಂಗ ಕಿತ್ತುಕೊಂಡು, ವೇದಿಕೆ ಹತ್ತಿ, ಎಲ್ಲರ ಎದುರೇ ಪಿನ್ನು ಬಿಚ್ಚಿ ಜೇಬಿಗೆ ಕೈ ಹಾಕಿದೆ.

ತಾಳಿ ಇರಲಿಲ್ಲ. ಒಂದು ಅಡಿಕೆ ಹೋಳು ಇತ್ತು.

ಜೇಬನ್ನು ಒಳಹೊರಗೆ ಮಾಡಿ ಹುಡುಕಿದೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ವೇದಿಕೆಯ ಮೇಲಿದ್ದ ನಮ್ಮ ಮನೆಯ ಗಂಡಸರು, ಮದುಮಗನೂ ಸೇರಿ, ಸಾಲಾಗಿ ಗೋಡೆಯ ಕಡೆ ತಿರುಗಿದರು. ಅತ್ತೆ ಕಂಬದ ಮರೆಗೆ ಹೋಗಿ ಬಂದು ಅಯ್ನೋರ ತಟ್ಟೆಗೆ ತಾಳಿ ಹಾಕಿದರು.

ತಾಳಿ ಕಟ್ಟಿ ಅಕ್ಷತೆ ಬಿದ್ದ ಮೇಲೆ ನಾನು ಅವರನ್ನು ಹಿಡಿದುಕೊಂಡೆ. "ಅತ್ತಿ, ನಿಮ್ ಹತ್ರ ಹೆಂಗ್ ಬಂತು?"

"ಬೆಳಗ್ಗೆ ನೀನು ಬಸ್ಸಿನ ಕಡೆ ಹೋದ್ಮೇಲೆ ಬಾಗ್ಲು ಹಾಕಾಕೆ ಬಂದೆ. ಲಂಗ ಗೂಟದಾಗೇ ಇತ್ತು. ತಾಳಿ ತಗಂಡೆ. ಬರೀ ಜೇಬು ಬಿಡಬಾರ್ದು ಅಂತ ಒಂದು ಅಡಿಕೆ ಹೋಳು ಇಟ್ಟೆ."

"ಬಸ್ಸಿನಾಗೇ ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅತ್ತಿ? ನಾನ್ ಇಲ್ಲಿ ಸತ್ತೇ ಹೋಗಿದ್ದೆ!"

"ನೀನೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ" ಎಂದರು ಅತ್ತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹರಿದ ಶೇಪ್‌ವೇರ್ ಈಗ ನಮ್ಮ ಯಜಮಾನರ ಬೈಕಿನ ಸೀಟಿಗೆ ಕವರಾಗಿದೆ. ಅಳತೆ ಮಾಡಿಸಿದ ಹಾಗೆ ಕೂತಿದೆ. ಬಿಳಿಚೋಡಿನ ಬೀಗರ ಮನೆಯಲ್ಲಿ ನನ್ನ ಹೆಸರು "ಹಳದಿ ಲಂಗದೋರು" ಎಂದೇ ಇದೆಯಂತೆ. ನಾನು ಈಗ ದಿನಾ ಅತ್ತೆ ಹೊಲಿದ ಲಂಗವನ್ನೇ ಹಾಕಿಕೊಳ್ಳುತ್ತೇನೆ. ಲಾಡಿ ಒಳಗೆ ಹೋದರೆ ತುಟಿ ಪಿಟಕ್ಕೆನ್ನದೆ ಪಿನ್ನು ಹುಡುಕುತ್ತೇನೆ. ಬೀರುವಿನ ಕೀ ಇವತ್ತಿಗೂ ಅತ್ತೆಯ ಜೇಬಿನಲ್ಲೇ ಇದೆ. ನನ್ನ ಜೇಬೂ ಖಾಲಿಯೇನಲ್ಲ. ಆ ಅಡಿಕೆ ಹೋಳು ಇದೆ, ಪಿನ್ನು ಹಾಕಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ!